ನ್ಯಾಯದ ಇಂಗ್ಲಿಷು: ಹೊರಡುವ ಮುನ್ನದ ಸಿದ್ಧತೆ

'ಕೃಷಿಜ್ಞಾನ ಪ್ರದೀಪಿಕೆ'ಯನ್ನು ರಚಿಸಿ ಬೇಸಾಯದ ಅರಿವನ್ನು ಕನ್ನಡದಲ್ಲಿಯೇ ರೈತರಿಗೆ ನೀಡಿದ ಘನಮಠದ ನಾಗಭೂಷಣ ಶಿವಯೋಗಿಗಳ ನೆಲೆ ಸಂತೆಕಲ್ಲೂರು. ಇಂತಹ ಊರುಗಳ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳೂ ಕಾನೂನಿನ ಉನ್ನತ ವ್ಯಾಸಂಗಕ್ಕೆ ಪರದೇಶಗಳತ್ತ ನೋಡುವ ಕಾಲವಿದು. ಹೊಲದ ಮೇಲೆ ಸಾಲ ತೆಗೆದು ಕಳುಹಿಸುವ ತಂದೆತಾಯಿಗಳಿಗೆ ಒಂದೇ ಅಳುಕು: ಅಲ್ಲಿಯ ಇಂಗ್ಲಿಷು ನಮ್ಮ ಮಗುವಿಗೆ ನಿಲುಕೀತೆ?

ನ್ಯಾಯದ ಭಾಷೆ ಪರಭಾಷೆಯಾಗಿರುವುದು ನಮಗೆ ಹೊಸತಲ್ಲ. ರಾಯಚೂರು ಸೀಮೆ 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕಚೇರಿಯ ಭಾಷೆ ಉರ್ದುವಾಗಿತ್ತು. ವಕೀಲ, ದಾವೆ, ಜಾಮೀನು, ತಕರಾರು ಎಂಬ ಮಾತುಗಳನ್ನು ಅಕ್ಷರ ಬಾರದ ಹಿರಿಯರೂ ಅರಿತು ಬಳಸಿದರು. ಇಂಗ್ಲೆಂಡಿನಲ್ಲಿಯೂ ಫ್ರೆಂಚನ್ನು ಬಿಟ್ಟು ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಶಾಸನ ಬಂದದ್ದು 1362ರಲ್ಲಿ. ಫ್ರೆಂಚ್, ಲ್ಯಾಟಿನ್ ಪದಗಳು ಇಂದಿಗೂ ಅಲ್ಲಿಯ ಕಾನೂನಿನಲ್ಲಿ ಉಳಿದಿವೆ.

ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳೇ ವಿದ್ಯಾರ್ಥಿಯನ್ನು ಹೆಚ್ಚು ಮೋಸಗೊಳಿಸುತ್ತವೆ. 'ಇನ್‌ಸ್ಟ್ರುಮೆಂಟ್' ಎಂದರೆ ಅಲ್ಲಿ ವಾದ್ಯವಲ್ಲ, ದಸ್ತಾವೇಜು. 'ಕನ್ಸಿಡರೇಶನ್' ಎಂದರೆ ಆಲೋಚನೆಯಲ್ಲ, ಕರಾರಿನ ಪ್ರತಿಫಲ. 'ನೇಬರ್' ಎಂಬ ಸಣ್ಣ ಮಾತನ್ನೇ ನೋಡೋಣ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಓರ್ವ ಮಹಿಳೆ ಗೆಳತಿ ಕೊಡಿಸಿದ ಪಾನೀಯವನ್ನು ಕುಡಿದಳು. ಸೀಸೆಯಲ್ಲಿ ಕೊಳೆತ ಬಸವನಹುಳುವಿತ್ತೆಂಬುದು ಅವಳ ದೂರು. ಹಣ ಕೊಟ್ಟವಳು ಅವಳಲ್ಲವಾದ್ದರಿಂದ ಕರಾರಿನ ಆಧಾರವಿರಲಿಲ್ಲ. ಆದರೂ ತಯಾರಕನು ಬಳಕೆದಾರರ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಹೊಣೆಯುಳ್ಳವನೆಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ನಮ್ಮ ಕೃತ್ಯದಿಂದ ಯಾರಿಗೆ ನೇರವಾಗಿ ಬಾಧೆಯಾದೀತೋ ಅವರೇ ಕಾನೂನಿನ 'ನೆರೆಯವರು' ಎಂದು ಲಾರ್ಡ್ ಆಟ್ಕಿನ್ ವಿವರಿಸಿದರು. ದಯೆಯನ್ನು ಧರ್ಮದ ಮೂಲವೆಂದು ನಂಬಿದ ಮನೆಗಳಿಗೆ ಈ ಅರ್ಥ ದೂರದ್ದೇನಲ್ಲ.

ಸಿದ್ಧತೆ ಮನೆಯಲ್ಲಿಯೇ ಆರಂಭವಾಗಲಿ. 1872ರ ಭಾರತೀಯ ಕರಾರು ಅಧಿನಿಯಮವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಎದುರುಬದುರು ಇಟ್ಟು ಓದಬೇಕು. 'ಶಲ್' ಎಂದಲ್ಲಿ ಸಾಮಾನ್ಯವಾಗಿ ಕಡ್ಡಾಯ, 'ಮೇ' ಎಂದಲ್ಲಿ ವಿವೇಚನೆ ಎಂಬ ಭೇದವನ್ನು ಗುರುತಿಸಬೇಕು. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಕೆಲವು ಕನ್ನಡದಲ್ಲಿಯೂ ಇವೆ. ದಿನಕ್ಕೆ ಕೆಲವೇ ಪುಟ ಓದಿ ಸಂಗತಿ, ಪ್ರಶ್ನೆ, ನಿರ್ಣಯ, ಕಾರಣ ಎಂದು ನಾಲ್ಕು ಭಾಗ ಮಾಡಿ ಬರೆದುಕೊಳ್ಳಬೇಕು. ಬಳಿಕ ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಬೇಕು. ತಾಯಿಗೆ ತಿಳಿಯದಿದ್ದರೆ ತನಗೂ ತಿಳಿದಿಲ್ಲವೆಂದೇ ಮತ್ತೊಮ್ಮೆ ಓದಬೇಕು.

ಪಾಲಕರಿಗೂ ಒಂದು ಮಾತು. ಪರದೇಶದ ಪದವಿಯ ಬಲದಿಂದ ಇಲ್ಲಿ ವಕೀಲಿ ಮಾಡಬೇಕಾದರೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಅಗತ್ಯ. ಸಾಲಕ್ಕೆ ಸಹಿ ಹಾಕುವ ಮುನ್ನ ಇದನ್ನು ವಿಚಾರಿಸಿಕೊಳ್ಳಿರಿ.

ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇಂಗ್ಲಿಷಿನ ಕಾನೂನನ್ನು ಕಲಿತವರೇ. ಅವರೇ ತಾಳೆಗರಿಗಳನ್ನು ಶೋಧಿಸಿ 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ನಾಡಿಗಿತ್ತರು. ಪರಭಾಷೆಯ ವಿದ್ಯೆ ಅವರನ್ನು ಶರಣರಿಂದ ದೂರ ಮಾಡಲಿಲ್ಲ. ನಮ್ಮ ಮಕ್ಕಳೂ ನ್ಯಾಯದ ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಕಲಿತದ್ದನ್ನು ಕಚೇರಿಯ ಕಾಗದ ಹಿಡಿದು ನಿಂತ ನಮ್ಮ ರೈತನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರಾಗಲಿ ಎಂದು ಹಾರೈಸುತ್ತೇವೆ.