ಸಾಂದ್ರತೆಯ ಪಾಠ: ಒಂದು ಗೋಲಿ ಸಾಲದು

ಸಾಂದ್ರತೆಯನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಸೂತ್ರದಿಂದಲೇ ಪಾಠ ಆರಂಭಿಸುತ್ತಾರೆ: ಸಾಂದ್ರತೆ = ದ್ರವ್ಯರಾಶಿ ÷ ಗಾತ್ರ. ಈ ಭಾಗಾಕಾರ ಮಕ್ಕಳಿಗೆ ಕಷ್ಟವಲ್ಲ. ತೊಡಕು ಇರುವುದು ಪದಗಳಲ್ಲಿ ಮತ್ತು ಗಾತ್ರವನ್ನು ಅಳೆಯುವಲ್ಲಿ.

ಮೊದಲು ಪದಗಳನ್ನು ನೋಡೋಣ. ಆಡುಮಾತಿನಲ್ಲಿ ಎಣ್ಣೆ ನೀರಿಗಿಂತ ‘ಮಂದ’. ಆದ್ದರಿಂದ ಎಣ್ಣೆಯ ಸಾಂದ್ರತೆಯೇ ಹೆಚ್ಚೆಂದು ಮಕ್ಕಳು ಸುಲಭವಾಗಿ ಭಾವಿಸುತ್ತಾರೆ. ಮಂದವಾಗಿ ಹರಿಯುವುದು ಸ್ನಿಗ್ಧತೆಗೆ ಸಂಬಂಧಿಸಿದ ಗುಣ. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಗ್ರಾಂ ವಸ್ತು ಇದೆ ಎಂಬುದು ಸಾಂದ್ರತೆ. ಲೋಟದ ನೀರಿಗೆ ಎಣ್ಣೆ ಸುರಿದು, ಅದು ಮೇಲೆ ನಿಲ್ಲುವುದನ್ನು ತೋರಿಸಿ, ಕಾರಣವನ್ನು ಮಕ್ಕಳಿಂದಲೇ ಕೇಳಿ. ಉತ್ತರ ಹುಡುಕಲು ಅವರು ಅಳೆಯಲೇಬೇಕಾಗುತ್ತದೆ.

ದ್ರವದ ಅಳತೆ: ಒಣಗಿದ ಖಾಲಿ ಅಳತೆ ಜಾಡಿಯನ್ನು ತೂಗಿ ಬರೆದುಕೊಳ್ಳಿ. ಅದರಲ್ಲೇ 20, 40, 60 ಮಿ.ಲೀ. ಕಡಲೆಕಾಯಿ ಎಣ್ಣೆಯನ್ನು ಹಂತಹಂತವಾಗಿ ತುಂಬಿ, ಪ್ರತಿ ಸಲವೂ ತೂಗಿ, ಜಾಡಿಯ ತೂಕವನ್ನು ಕಳೆಯಿರಿ. ಬೇರೆ ಪಾತ್ರೆಯಲ್ಲಿ ಅಳೆದು ತಂದು ಸುರಿದರೆ ಸ್ವಲ್ಪ ಎಣ್ಣೆ ಆ ಪಾತ್ರೆಗೇ ಅಂಟಿ ಉಳಿಯುತ್ತದೆ. ಮೂರು ಸಲವೂ ಭಾಗಲಬ್ಧ ಸುಮಾರು 0.91 ಗ್ರಾಂ/ಘನ ಸೆಂ.ಮೀ. ಬರುತ್ತದೆ. ‘ಹೆಚ್ಚು ಎಣ್ಣೆ ಇದ್ದರೆ ಹೆಚ್ಚು ಸಾಂದ್ರತೆ’ ಎಂಬ ತಪ್ಪು ಕಲ್ಪನೆಯನ್ನು ಈ ಕೋಷ್ಟಕವೇ ಅಳಿಸುತ್ತದೆ. ನೀರಿನಲ್ಲಿ ಇದನ್ನೇ ಮಾಡಿದರೆ ಸುಮಾರು 1 ಬರಬೇಕು. ಬಾರದಿದ್ದರೆ ತಕ್ಕಡಿಯನ್ನೂ ಜಾಡಿಯನ್ನೂ ಪರೀಕ್ಷಿಸಿ.

ಘನವಸ್ತುವಿನ ಅಳತೆ: ಗಾಜಿನ ಗೋಲಿಯನ್ನು ತೆಗೆದುಕೊಳ್ಳೋಣ. 100 ಮಿ.ಲೀ. ಜಾಡಿಯಲ್ಲಿ ಗೆರೆಗಳು 1 ಮಿ.ಲೀ. ಅಂತರದಲ್ಲಿವೆ, ಒಂದು ಗೋಲಿಯ ದ್ರವ್ಯರಾಶಿ 5.4 ಗ್ರಾಂ ಎಂದಿಟ್ಟುಕೊಳ್ಳಿ. ಗೋಲಿ ಹಾಕಿದಾಗ ನೀರು ಎರಡು ಗೆರೆಗಿಂತ ತುಸು ಹೆಚ್ಚು ಏರುತ್ತದೆ. ಒಂದು ಗುಂಪು 2 ಎಂದು ಬರೆದರೆ ಉತ್ತರ 2.7, ಇನ್ನೊಂದು ಗುಂಪು 3 ಎಂದು ಬರೆದರೆ 1.8. ಒಂದೇ ಗೋಲಿಗೆ ಎರಡು ಸಾಂದ್ರತೆ! ಈಗ ಹತ್ತು ಗೋಲಿಗಳನ್ನು ಹಾಕಿ. ದ್ರವ್ಯರಾಶಿ 54 ಗ್ರಾಂ. ನೀರು 60ರಿಂದ 82ಕ್ಕೆ ಏರಿದರೆ ಗಾತ್ರ 22, ಸಾಂದ್ರತೆ 2.45. ಒಂದು ಗೆರೆ ತಪ್ಪಿ 23 ಎಂದು ಓದಿದರೂ ಉತ್ತರ 2.35. ಓದುವಾಗಿನ ತಪ್ಪು ಅಷ್ಟೇ ಇದೆ. ಆದರೆ ಅದು ಹತ್ತು ಗೋಲಿಗಳಿಗೆ ಹಂಚಿಹೋಗಿದೆ.

ಗೋಲಿಗಳನ್ನು ಮೇಲಿನಿಂದ ಬೀಳಿಸಬೇಡಿ; ನೀರು ಚಿಮ್ಮುತ್ತದೆ, ಜಾಡಿ ಒಡೆಯಬಹುದು. ಜಾಡಿಯನ್ನು ಓರೆ ಮಾಡಿ ಒಂದೊಂದಾಗಿ ಜಾರಿಸಿ. ಗೋಲಿಗಳಿಗೆ ಅಂಟಿದ ಗಾಳಿಗುಳ್ಳೆಗಳನ್ನು ಮೆಲ್ಲಗೆ ತಟ್ಟಿ ಬಿಡಿಸಿ. ಅವು ಉಳಿದರೆ ಗಾತ್ರ ಹೆಚ್ಚಾಗಿ ಕಾಣುತ್ತದೆ. ನೀರಿನ ಮೇಲ್ಮೈ ಅಂಚಿನಲ್ಲಿ ಏರಿ ನಡುವೆ ತಗ್ಗಾಗಿರುತ್ತದೆ. ಆ ತಗ್ಗಿನ ತಳವನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ತೇಲುವ ಮೇಣದ ತುಂಡಿಗೆ ಕಲ್ಲು ಕಟ್ಟಿ ಮುಳುಗಿಸಿ, ಕಲ್ಲಿನ ಗಾತ್ರವನ್ನು ಕಳೆಯಿರಿ. ಕಲ್ಲುಸಕ್ಕರೆ ನೀರಿನಲ್ಲಿ ಕರಗುವುದರಿಂದ ಅದಕ್ಕೆ ಎಣ್ಣೆ ಬಳಸಿ.

ಏಕಮಾನ ಬದಲಿಸುವಾಗ 100ರಿಂದ ಗುಣಿಸುವ ತಪ್ಪು ಆಗಾಗ ನಡೆಯುತ್ತದೆ. ಒಂದು ಮೀಟರ್ ಬದಿಯ ಘನಾಕಾರದ ತೊಟ್ಟಿಯನ್ನು ಕಲ್ಪಿಸಿಕೊಳ್ಳಲು ಹೇಳಿ. ಅದರಲ್ಲಿ 100 × 100 × 100, ಅಂದರೆ 10,00,000 ಘನ ಸೆಂ.ಮೀ. ನೀರು ಹಿಡಿಸುತ್ತದೆ. ಅದರ ದ್ರವ್ಯರಾಶಿ 10,00,000 ಗ್ರಾಂ, ಎಂದರೆ 1000 ಕಿಲೋಗ್ರಾಂ. ಆದ್ದರಿಂದ 1 ಗ್ರಾಂ/ಘನ ಸೆಂ.ಮೀ. ಎಂದರೆ 1000 ಕಿ.ಗ್ರಾಂ/ಘನ ಮೀಟರ್.

ಕೊನೆಯದು ಮೌಲ್ಯಮಾಪನ. ಗಾಜಿನ ಸಾಂದ್ರತೆ ಸುಮಾರು 2.5 ಎಂದು ಪುಸ್ತಕದಲ್ಲಿದೆ, ವಿದ್ಯಾರ್ಥಿನಿಗೆ 2.45 ಬಂದಿದೆ. ಅದನ್ನು ಹೊಡೆದು 2.5 ಎಂದು ಬರೆಸಿದರೆ, ಅಳತೆಗಿಂತ ಅಚ್ಚಾದ ಅಂಕಿಯೇ ದೊಡ್ಡದೆಂದು ಆಕೆ ಕಲಿಯುತ್ತಾಳೆ. ಮುಂದಿನ ಪ್ರಯೋಗದಲ್ಲಿ ಅಳೆಯದೆಯೇ ಉತ್ತರ ಬರೆಯುತ್ತಾಳೆ. ಬದಲಿಗೆ ಎಲ್ಲ ಗುಂಪುಗಳ ಉತ್ತರಗಳನ್ನೂ ಕಪ್ಪುಹಲಗೆಯ ಮೇಲೆ ಬರೆಸಿ, ‘ಈ ವ್ಯತ್ಯಾಸ ಎಲ್ಲಿಂದ ಬಂತು?’ ಎಂದು ಕೇಳಿ. ಪಾಠ ವೀಕ್ಷಿಸುವ ಬೋಧಕರೂ ಉತ್ತರ ಸರಿಯೇ ಎಂಬುದರ ಜೊತೆಗೆ ಈ ಪ್ರಶ್ನೆ ತರಗತಿಯಲ್ಲಿ ಬಂತೇ ಎಂಬುದನ್ನು ಗಮನಿಸಲಿ.