ಮೂರು ವಾರ ಮಲಗಿದ ಐವರು

ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಏಳಬೇಡಿ, ಸುಮ್ಮನೆ ಮಲಗಿರಿ.’ ನೀರಿನ ಲೋಟವನ್ನೂ ಕೈಗೇ ತಂದು ಕೊಡುತ್ತೇವೆ. ಹೀಗೆ ಮಲಗಿಯೇ ಇದ್ದರೆ ಹೃದಯಕ್ಕೆ ಏನಾಗುತ್ತದೆ? ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ ಮತ್ತು ಸಂಗಡಿಗರು 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಅದನ್ನು ಅಳೆದೇ ನೋಡಿದರು. ಇಪ್ಪತ್ತರ ಹರೆಯದ, ಯಾವ ಕಾಯಿಲೆಯೂ ಇಲ್ಲದ ಐವರು ಹುಡುಗರು ಮೂರು ವಾರ ಹಾಸಿಗೆಯಲ್ಲೇ ಕಳೆದರು.

ಅಳೆದದ್ದು ಏನನ್ನು? ಮೈಮುರಿದು ದುಡಿಯುವಾಗ ದೇಹ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ಇನ್ನು ಆಗದು ಎನ್ನುವವರೆಗೂ ಓಟವನ್ನು ಕಷ್ಟವಾಗಿಸುತ್ತಾ ಹೋಗುತ್ತಾರೆ. ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21. ಹೊರಬಿಟ್ಟ ಗಾಳಿಯಲ್ಲಿ ಅದು ಶೇ 18ಕ್ಕೆ ಇಳಿದಿದ್ದು, ನಿಮಿಷಕ್ಕೆ 120 ಲೀಟರ್ ಉಸಿರಾಡಿದ್ದರೆ, ದೇಹ ಉಳಿಸಿಕೊಂಡದ್ದು ಹೆಚ್ಚುಕಡಿಮೆ 3.6 ಲೀಟರ್.

ಹುಡುಗರ ಸರಾಸರಿ ಮೊದಲು 3.3 ಲೀಟರ್ ಇತ್ತು. ಮೂರು ವಾರದ ನಂತರ 2.4. ಕಾಲುಭಾಗಕ್ಕೂ ಹೆಚ್ಚು ಹೋಗಿಬಿಟ್ಟಿತ್ತು!

ಕೈಕಾಲು ಸೊರಗಿದ್ದೇ ಕಾರಣ ಎಂದು ಯಾರಿಗಾದರೂ ತೋಚುತ್ತದೆ. ಹಾಗಲ್ಲ. ಬಂದ ರಕ್ತದಿಂದ ಸ್ನಾಯುಗಳು ಮೊದಲಿನಷ್ಟೇ ಆಮ್ಲಜನಕ ಹೀರುತ್ತಿದ್ದವು. ಆ ರಕ್ತವೇ ಕಡಿಮೆ ಬರುತ್ತಿತ್ತು. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಯತ್ತ ಸರಿಯುತ್ತದೆ. ನೀರು ಹೆಚ್ಚಾಗಿದೆ ಎಂದುಕೊಂಡ ದೇಹ ಅದನ್ನು ಮೂತ್ರವಾಗಿ ಹೊರಹಾಕುತ್ತದೆ. ರಕ್ತದ ಪ್ರಮಾಣ ತಗ್ಗಿ, ಹೃದಯ ತುಂಬಿಕೊಳ್ಳುವುದೇ ಕಡಿಮೆಯಾಗುತ್ತದೆ. ಎಷ್ಟು ವೇಗವಾಗಿ ಬಡಿದರೇನು, ಪ್ರತಿ ಬಡಿತಕ್ಕೂ ಚಿಮ್ಮುವ ರಕ್ತ ಅಷ್ಟಕ್ಕಷ್ಟೆ. ಬಹಳ ದಿನ ಮಲಗಿದವರು ಎದ್ದು ನಿಂತೊಡನೆ ಕಣ್ಣು ಕತ್ತಲಿಡುವುದಕ್ಕೂ ಇದೊಂದು ಮುಖ್ಯ ಕಾರಣ. ಯಾರು ಯಾವಾಗ ಏಳಬೇಕೆಂದು ಹೇಳಬೇಕಾದವರು ವೈದ್ಯರೇ. ಆದರೆ ಅವರು ‘ನಡೆದಾಡಿ’ ಎಂದ ಮೇಲೂ ನಾವು ಅಕ್ಕರೆಯಿಂದ ಮಲಗಿಸಿಟ್ಟರೆ ಅದು ಆರೈಕೆಯಾಗುವುದಿಲ್ಲ. ಹಿಡಿದು ನಡೆಸಬೇಕು, ಬಚ್ಚಲವರೆಗಾದರೂ.

ಡಲ್ಲಾಸ್‌ನ ಹುಡುಗರು ಎಂಟು ವಾರ ಕಠಿಣ ತಾಲೀಮು ಮಾಡಿ 3.9 ಲೀಟರ್‌ಗೆ ಏರಿದರು. ಕಥೆ ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಅದೇ ಐವರನ್ನು ಮತ್ತೆ ಕರೆಸಿದರು. ಐವತ್ತು ದಾಟಿತ್ತು, ತೂಕ 77 ಕಿಲೋದಿಂದ ನೂರರ ಹತ್ತಿರ ಬಂದಿತ್ತು. ಆದರೂ ಅಳತೆ 2.9 ಲೀಟರ್: ಮೂವತ್ತು ವರ್ಷದ ವಯಸ್ಸು ಕಸಿದದ್ದಕ್ಕಿಂತ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚು. ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ಲು ಎಂದು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಾಗ, ವಯಸ್ಸು ಕಸಿದದ್ದಷ್ಟೂ ವಾಪಸು ಬಂತು. ಈ ಸಲ ಹೃದಯವೇನೂ ಹೆಚ್ಚು ರಕ್ತ ಕೊಡಲಿಲ್ಲ. ಕೊಟ್ಟ ರಕ್ತದಿಂದಲೇ ಹೆಚ್ಚು ಆಮ್ಲಜನಕ ಹೀರಿಕೊಳ್ಳುವುದನ್ನು ಸ್ನಾಯುಗಳು ಕಲಿತಿದ್ದವು.