ಕಾಗದದ ಹೃದಯ, ಒಳಗೆ ಮಿಠಾಯಿ

ಫೆಬ್ರುವರಿ ಎರಡನೆಯ ವಾರ ಬಂತೆಂದರೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಊಟದ ಮೇಜು ಮಕ್ಕಳ ವಶವಾಗುತ್ತದೆ. ಮೇಜಿನ ತುಂಬ ಕೆಂಪು, ಗುಲಾಬಿ ಕಾಗದದ ಚೂರು, ಕತ್ತರಿ, ಗಮ್, ಸ್ಕೆಚ್ ಪೆನ್ನು. ಪಕ್ಕದಲ್ಲಿ ದೊಡ್ಡದೊಂದು ಪ್ಯಾಕೆಟ್ ಲಾಲಿಪಾಪ್. 14ನೇ ತಾರೀಖಿನ ವ್ಯಾಲೆಂಟೈನ್ ದಿನಕ್ಕೆ ತರಗತಿಯ ಗೆಳೆಯರಿಗೆ ಉಡುಗೊರೆ ಸಿದ್ಧವಾಗಬೇಕು. ಕೊಡುವುದಾದರೆ ಎಲ್ಲರಿಗೂ ಕೊಡಬೇಕು ಎಂಬುದು ಅಲ್ಲಿನ ಬಹಳಷ್ಟು ಪ್ರಾಥಮಿಕ ಶಾಲೆಗಳ ನಿಯಮ. ಟೀಚರ್ ಕಳಿಸಿದ ಪಟ್ಟಿ ಮುಂದಿಟ್ಟುಕೊಂಡು ಮಗು ಒಂದೊಂದೇ ಹೆಸರು ಬರೆಯುತ್ತ ಹೋಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ ಈ ಸಡಗರ ಪರಿಚಿತ.

ಮಿಠಾಯಿ ಅಂಗಡಿಯಿಂದ ಬಂದದ್ದು, ಎಲ್ಲರಿಗೂ ಒಂದೇ ಬಗೆಯದು. ಅದನ್ನು ಚಿಟ್ಟೆಯಾಗಿ, ಹೂವಾಗಿ, ಪುಟ್ಟ ಬುಟ್ಟಿಯಾಗಿ ಬದಲಿಸಿ, ಪಡೆಯುವವರ ಹೆಸರನ್ನು ಹೊತ್ತು ತರುವುದು ಕಾಗದ. ಪ್ರೇಮಿಗಳು ಪರಸ್ಪರ ಕೊಟ್ಟುಕೊಳ್ಳುವ ಉಡುಗೊರೆಯಲ್ಲೂ ಕಾಗದದ ಕೆಲಸ ಇದೇ.

ಈ ಕೈಕೆಲಸಕ್ಕೆ ಉದ್ಯಮದ ರೂಪ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಎಸ್ತರ್ ಹೌಲ್ಯಾಂಡ್. ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನಾಕೆ. ತಂದೆಗೆ ಪುಸ್ತಕ, ಕಾಗದದ ಅಂಗಡಿಯಿತ್ತು. ಮೌಂಟ್ ಹೋಲಿಯೋಕ್‌ನಲ್ಲಿ 1847ರಲ್ಲಿ ಓದು ಮುಗಿಸಿ ಬಂದ ಹೊತ್ತಿಗೆ ಇಂಗ್ಲೆಂಡಿನಿಂದ ಬಂದ ಲೇಸ್ ಕಾಗದದ ಪ್ರೇಮಪತ್ರವೊಂದು ಆಕೆಯ ಕೈಸೇರಿತು. ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆ ಎನಿಸಿ ಕೆಲವು ಮಾದರಿಗಳನ್ನು ತಯಾರಿಸಿದಳು. ಅವನ್ನು ಮಾರಾಟದ ತಿರುಗಾಟಕ್ಕೆ ಹೊರಟಿದ್ದ ಸಹೋದರನ ಕೈಗೆ ಕೊಟ್ಟು, 200 ಡಾಲರಿನ ಆರ್ಡರ್ ಸಿಕ್ಕರೆ ಸಾಕು ಎಂದುಕೊಂಡಳು. ಆತ ತಂದದ್ದು 5,000 ಡಾಲರಿಗೂ ಮೀರಿದ ಆರ್ಡರ್.

ಎಸ್ತರ್ ಗೆಳತಿಯರನ್ನು ಮನೆಗೆ ಕರೆಸಿಕೊಂಡಳು. ಒಬ್ಬಳು ಕತ್ತರಿಸುವುದು, ಇನ್ನೊಬ್ಬಳು ಲೇಸ್ ಕಾಗದದ ಕೆಳಗೆ ಬಣ್ಣದ ಹಾಳೆ ಇಡುವುದು, ಮತ್ತೊಬ್ಬಳು ಅಂಟಿಸುವುದು, ಹೀಗೆ ಕೆಲಸ ಹಂಚಿದಳು. ತಾನು ಮಾಡಿಸಿದ ಪತ್ರಗಳ ಬೆನ್ನಿಗೆ ‘ಎಚ್’ ಅಕ್ಷರದ ಕೆಂಪು ಗುರುತು ಹಾಕಿಸುತ್ತಿದ್ದಳು.

ಮಿಠಾಯಿಯ ಕಡೆಯಿಂದಲೂ ಅದೇ ಕಾಲದಲ್ಲಿ ದಾರಿ ತೆರೆಯಿತು. ಇಂಗ್ಲೆಂಡಿನಿಂದ ವಲಸೆ ಬಂದು ಬಾಸ್ಟನ್‌ನಲ್ಲಿದ್ದ ಔಷಧ ವ್ಯಾಪಾರಿ ಆಲಿವರ್ ಚೇಸ್ ಬಿಲ್ಲೆ ಕತ್ತರಿಸುವ ಯಂತ್ರ ಮಾಡಿದ್ದು 1847ರಲ್ಲಿ. ಮಿಠಾಯಿಯ ಮೇಲೆ ಅಕ್ಷರ ಅಚ್ಚೊತ್ತುವ ವಿಧಾನವನ್ನು ಆತನ ಸಹೋದರ ಡೇನಿಯಲ್ 1866ರಲ್ಲಿ ಕಂಡುಕೊಂಡ. ಕೆಲವೇ ಪದಗಳ ಪ್ರೇಮಸಂದೇಶ ಹೊತ್ತ ‘ಸ್ವೀಟ್‌ಹಾರ್ಟ್ಸ್’ ಹುಟ್ಟಿದ್ದು ಅಲ್ಲಿಂದಲೇ. ಅದನ್ನು ತಯಾರಿಸುತ್ತಿದ್ದ ನೆಕ್ಕೋ ಕಂಪನಿ 2018ರಲ್ಲಿ ಬಾಗಿಲು ಹಾಕಿದ್ದರಿಂದ 2019ರ ಫೆಬ್ರುವರಿಯಲ್ಲಿ ಆ ಮಿಠಾಯಿಯೇ ತಯಾರಾಗಲಿಲ್ಲ. ಮರುವರ್ಷ ಒಹಾಯೋದ ಸ್ಪ್ಯಾಂಗ್ಲರ್ ಕಂಪನಿ ಅದನ್ನು ಮತ್ತೆ ಅಂಗಡಿಗೆ ತಂದಿತು. ಇತ್ತ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾಡ್ಬರಿ 1868ರ ಹೊತ್ತಿಗೆ ತಾನೇ ಬಿಡಿಸಿದ ಚಿತ್ರಗಳುಳ್ಳ ಚಾಕೊಲೇಟ್ ಪೆಟ್ಟಿಗೆಗಳನ್ನು ಹೊರತಂದಿದ್ದ. ಚಾಕೊಲೇಟ್ ಮುಗಿದ ಮೇಲೂ ಜನ ಪೆಟ್ಟಿಗೆಯನ್ನು ಎಸೆಯದೆ ಅದರಲ್ಲಿ ಪತ್ರಗಳನ್ನು ಇಟ್ಟುಕೊಳ್ಳುತ್ತಿದ್ದರು.

ಮನೆಯಲ್ಲಿ ಮಾಡಲು ಎಲ್ಲಕ್ಕಿಂತ ಸುಲಭ ಲಾಲಿಪಾಪ್ ಚಿಟ್ಟೆ. ಅಂಗೈ ಅಗಲದ ದಪ್ಪ ಕಾಗದವನ್ನು ನಡುವೆ ಮಡಚಿ, ಮಡಿಕೆಗೆ ತಾಗಿದಂತೆ ಅರ್ಧ ಚಿಟ್ಟೆ ಬಿಡಿಸಿ ಕತ್ತರಿಸಿ. ಬಿಚ್ಚಿದಾಗ ಎರಡು ರೆಕ್ಕೆಯೂ ಸಮನಾಗಿರುತ್ತದೆ. ನಡುಗೆರೆಯ ಮೇಲೆ ಮೇಲೊಂದು, ಕೆಳಗೊಂದು ತೂತು ಮಾಡಿ ಲಾಲಿಪಾಪ್ ಕಡ್ಡಿಯನ್ನು ಪೋಣಿಸಿ. ಮಿಠಾಯಿಯೇ ಚಿಟ್ಟೆಯ ತಲೆ, ಕಡ್ಡಿಯೇ ಮೈ. ಒಂದು ರೆಕ್ಕೆಯ ಮೇಲೆ ಪಡೆಯುವವರ ಹೆಸರು, ಇನ್ನೊಂದರ ಮೇಲೆ ಕೊಡುವವರ ಹೆಸರು. ಅಂಟು ಬೇಕಿಲ್ಲ, ಐದಾರು ವರ್ಷದ ಮಕ್ಕಳೂ ಮಾಡಬಲ್ಲರು.

ದೊಡ್ಡವರಿಗೆ ಒಪ್ಪುವುದು ಚಾಕೊಲೇಟ್ ಗುಲಾಬಿ. ಅಮೆರಿಕದಲ್ಲಿ 1907ರಿಂದ ತಯಾರಾಗುತ್ತಿರುವ ‘ಹರ್ಷೀಸ್ ಕಿಸಸ್’ ಇದಕ್ಕೆ ಹೇಳಿ ಮಾಡಿಸಿದಂತಿದೆ. ತಳ ಚಪ್ಪಟೆ, ತುದಿ ಚೂಪು. ಹೊದಿಕೆ ಬಿಚ್ಚದೆ ಎರಡು ಚಾಕೊಲೇಟುಗಳ ತಳಕ್ಕೆ ತಳ ಕೂಡಿಸಿ ಡಬಲ್ ಸೈಡ್ ಟೇಪಿನಿಂದ ಅಂಟಿಸಿದರೆ ಮೊಗ್ಗು ಸಿದ್ಧ. ಅದನ್ನು ಕೆಂಪು ಜಿಲೇಟಿನ್ ಕಾಗದದಲ್ಲಿ ಸುತ್ತಿ, ಕೆಳಗೆ ತಂತಿಯನ್ನು ಬಿಗಿದು, ಹಸಿರು ಟೇಪ್ ಸುತ್ತಿದರೆ ದೇಟೂ ಆಯಿತು.

ನಿಜವಾದ ಕೈಚಳಕ ಬೇಕಾದದ್ದು ಹೆಣೆದ ಹೃದಯಕ್ಕೆ. ಇದು ಡೆನ್ಮಾರ್ಕಿನದು. ಅಲ್ಲಿ ಇದರೊಳಗೆ ಮಿಠಾಯಿ, ಬೀಜ ತುಂಬಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುತ್ತಾರೆ. ಈಗ ಉಳಿದಿರುವವುಗಳಲ್ಲಿ ಅತಿ ಹಳೆಯದು ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ್ದೆಂದು ಹೇಳುತ್ತಾರೆ. ಹೃದಯದ ಆಕಾರ, ಒಳಗೆ ಸಿಹಿಗೆ ಜಾಗ ಎರಡೂ ಇರುವುದರಿಂದ ಫೆಬ್ರುವರಿಗೂ ಇದು ಚೆನ್ನಾಗಿ ಹೊಂದುತ್ತದೆ.

ಒಂದು ಕೆಂಪು, ಒಂದು ಬಿಳಿ ಕಾಗದ ತೆಗೆದುಕೊಳ್ಳಿ. ತಲಾ 8 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದ. ಎರಡನ್ನೂ ಉದ್ದದ ನಡುವೆ ಮಡಚಿ, ಮಡಿಕೆಯಿಲ್ಲದ ತುದಿಯನ್ನು ಅರ್ಧಚಂದ್ರದಂತೆ ಕತ್ತರಿಸಿ. ಮಡಿಕೆಯ ಕಡೆಯಿಂದ ಒಳಕ್ಕೆ ಎರಡು ಸೀಳು ಹಾಕಿ. ಸೀಳಿನ ಉದ್ದ 8 ಸೆಂ.ಮೀ.ಗಿಂತ ಎರಡು ಮೂರು ಮಿ.ಮೀ. ಹೆಚ್ಚಿರಲಿ, ಕಡಿಮೆಯಾದರೆ ಕೊನೆಯ ಪಟ್ಟಿ ಕೂರುವುದಿಲ್ಲ. ಈಗ ಎರಡರಲ್ಲೂ ಮೂರು ಮೂರು ಪಟ್ಟಿಗಳಿವೆ. ಎರಡನ್ನೂ ಲಂಬಕೋನದಲ್ಲಿ ಹಿಡಿದು ಹೆಣೆಯಬೇಕು. ಚಾಪೆಯಂತೆ ಮೇಲೆ ಕೆಳಗೆ ಹಾಯಿಸಿದರೆ ಬುಟ್ಟಿ ಬಾಯಿ ಬಿಡುವುದಿಲ್ಲ. ಪ್ರತಿ ಪಟ್ಟಿಗೂ ಎರಡು ಪದರವಿದೆಯಲ್ಲ, ಗುಟ್ಟು ಅಲ್ಲಿದೆ. ಕೆಂಪು ಪಟ್ಟಿ ಮೊದಲ ಬಿಳಿ ಪಟ್ಟಿಯ ಪದರಗಳ ನಡುವೆ ತೂರಬೇಕು. ಎರಡನೆಯ ಬಿಳಿ ಪಟ್ಟಿಯನ್ನು ತನ್ನ ಪದರಗಳೊಳಗೆ ಸೇರಿಸಿಕೊಳ್ಳಬೇಕು. ಮೂರನೆಯದರೊಳಗೆ ಮತ್ತೆ ತೂರಬೇಕು. ಮುಂದಿನ ಕೆಂಪು ಪಟ್ಟಿಗೆ ಇದೇ ಕ್ರಮ ತಿರುವುಮುರುವು. ಮೂರನೆಯದು ಮೊದಲಿನಂತೆಯೇ. ಮುಗಿದಾಗ ಚೌಕಳಿ ಮೈಯ ಹೃದಯವೊಂದು ಕೈಯಲ್ಲಿರುತ್ತದೆ, ಮೇಲ್ಭಾಗ ಬಿಡಿಸಿದರೆ ಬುಟ್ಟಿ.

ಒಳಗಿಡುವ ಸಿಹಿಯೂ ಮನೆಯದೇ ಆಗಬೇಕೆನ್ನುವವರಿಗೆ ಕರ್ನಾಟಕದಲ್ಲಿ ದಾರಿ ಹುಡುಕಬೇಕಿಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದ ಕೈಗಳಿಗೆ ಮುಂದಿನ ತಿಂಗಳೇ ಈ ಹಬ್ಬ. ಅದೇ ಪಾಕವನ್ನು ಹೃದಯದಾಕಾರದ ಅಚ್ಚಿಗೆ ಹೊಯ್ದರಾಯಿತು. ಕೊಬ್ಬರಿ ಮಿಠಾಯಿಯನ್ನೂ ಸಣ್ಣ ಹೃದಯಗಳಾಗಿ ಕತ್ತರಿಸಬಹುದು.

ಕೆಲವು ಎಚ್ಚರಿಕೆಗಳು ಮಾತ್ರ ಕಡ್ಡಾಯ. ಬಣ್ಣದ ಕಾಗದ, ಗಮ್, ಶಾಯಿ ಯಾವುದೂ ತಿನಿಸಿಗೆ ನೇರವಾಗಿ ತಾಗಬಾರದು. ಬಿಡಿ ಮಿಠಾಯಿಯನ್ನು ಮೊದಲು ಬಟರ್ ಪೇಪರಿನಲ್ಲಿ ಸುತ್ತಿ. ತೇವ ತಗುಲಿದರೆ ಕ್ರೇಪ್ ಕಾಗದ ಬಣ್ಣ ಬಿಡುತ್ತದೆ. ಹಳೆಯ ಪತ್ರಿಕೆಯ ಹಾಳೆ ನೋಡಲು ಎಷ್ಟೇ ಚೆಂದವಿದ್ದರೂ ಬೇಡ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ತಿನಿಸನ್ನು ಸುತ್ತಲು ಅದನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿವೆ. ಸ್ಟೇಪ್ಲರ್ ಪಿನ್ ಹಾಕಬೇಡಿ, ಅದು ಬಿಚ್ಚಿ ಬಾಯಿಗೆ ಹೋಗುವ ಅಪಾಯವಿದೆ. ತೀರಾ ಚಿಕ್ಕ ಮಕ್ಕಳಿಗೆ ಗಟ್ಟಿ ಮಿಠಾಯಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು. ಕಡಲೆಕಾಯಿ, ಗೋಡಂಬಿ ಕೆಲವರ ಮೈಗೆ ಒಗ್ಗುವುದಿಲ್ಲ, ಆದ್ದರಿಂದ ಏನೇನು ಹಾಕಿದೆ ಎಂದು ಚೀಟಿಯಲ್ಲಿ ಬರೆದಿಡಿ. ಇದೇ ಕಾರಣಕ್ಕೆ ಅಮೆರಿಕದ ಎಷ್ಟೋ ಶಾಲೆಗಳು ಈಗ ಮಿಠಾಯಿಯೇ ಬೇಡ ಎನ್ನುತ್ತಿವೆ. ಅಲ್ಲಿನ ಮಕ್ಕಳು ಅದೇ ಚಿಟ್ಟೆಯ ನಡುವೆ ಲಾಲಿಪಾಪಿನ ಬದಲು ಪೆನ್ಸಿಲ್ ಪೋಣಿಸುತ್ತಾರೆ.

ಈ ಬಾರಿ ಮಾಡಿ ನೋಡುವವರು ಹಿಂದಿನ ರಾತ್ರಿಯವರೆಗೆ ಕಾಯಬೇಡಿ. ವಾರ ಮೊದಲೇ ಹಳೆಯ ಕಾಗದದಲ್ಲಿ ಒಂದು ಹೃದಯ ಹೆಣೆದು ಕೈ ಪಳಗಿಸಿಕೊಳ್ಳಿ. ಚಾಕೊಲೇಟನ್ನು ಮಾತ್ರ ಕೊಡುವ ದಿನವೇ ಒಳಗಿಡಿ. ಅಚ್ಚಾದ ಸ್ಟಿಕ್ಕರ್ ಅಂಟಿಸದೆ ಹೆಸರನ್ನು ನಿಮ್ಮ ಕೈಯಾರೆ, ಕನ್ನಡದಲ್ಲೇ ಬರೆಯಿರಿ.